ಸೊನ್ನೆ ಎಲ್ಲಿಟ್ಟಿದ್ದೀರ?

ಹಿಡಿ ಎಂಟು ಸುತ್ತು ತಿರುಗಿದರೆ 40 ಮಿಲಿಮೀಟರ್. ಒಂದು ಸುತ್ತಿಗೆ ಮೇಜು 5 ಮಿ.ಮೀ. ಸರಿಯುತ್ತದೆ, ಎಂಟು ಎಣಿಸಿ ನಿಲ್ಲಿಸಿದರೆ ಮುಂದಿನ ತೂತಿನ ಜಾಗ ಕಟರ್ ಕೆಳಗೆ ಬಂದು ನಿಂತಿರುತ್ತದೆ. ರಾಮನಗರದ ರೀಲರ್ ಒಬ್ಬರು ತಂದುಕೊಟ್ಟಿದ್ದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಹತ್ತು ತೂತು ಕೊರೆಯಬೇಕಿತ್ತು. ಗೂಡಿನಿಂದ ಬಿಚ್ಚಿಕೊಳ್ಳುವ ರೇಷ್ಮೆ ಎಳೆಗಳನ್ನು ಸಾಲಾಗಿ ಹಿಡಿದು ನಡೆಸುವ ಕೊಂಡಿಗಳು ಆ ತೂತುಗಳಲ್ಲಿ ಕೂರುತ್ತವೆ. ಹತ್ತು ತೂತಿಗೆ ಒಂಬತ್ತು ಅಂತರ, ಒಟ್ಟು ಎಪ್ಪತ್ತೆರಡು ಸುತ್ತು. ಆರನೆಯ ಅಂತರ ಎಣಿಸುತ್ತಿದ್ದಾಗ ಗೇಟಿನ ಹತ್ತಿರ ಯಾರೋ ಕೂಗಿದರು. 'ಬಂದೆ' ಎಂದು ಹೇಳಿ ಮತ್ತೆ ಹಿಡಿ ತಿರುಗಿಸಿದೆ. ಕೆಲಸವೆಲ್ಲ ಮುಗಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಆರನೆಯ ತೂತಿಗೂ ಏಳನೆಯ ತೂತಿಗೂ ನಡುವೆ 35 ಮಿ.ಮೀ. ಮಾತ್ರ. ಏಳೇ ಸುತ್ತಿಗೆ ನಿಲ್ಲಿಸಿಬಿಟ್ಟಿದ್ದೆ. ಮಿಕ್ಕ ಅಂತರಗಳೆಲ್ಲ ಸರಿಯಾಗಿದ್ದರೂ ಪಟ್ಟಿ ಗುಜರಿಗೆ ಹೋಯಿತು.

ಮನೆಯ ಹಿಂದಿನ ಶೀಟಿನ ಕೊಠಡಿಯಲ್ಲಿ ಸಣ್ಣದೊಂದು ಮಿಲ್ಲಿಂಗ್ ಮಷೀನು ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರು ನಮ್ಮ ಕಡೆ ಅಲ್ಲಲ್ಲಿ ಇದ್ದಾರೆ. ಲೇತು ಎಂದರೆ ಚನ್ನಪಟ್ಟಣದ ಮಕ್ಕಳಿಗೂ ಗೊತ್ತು: ಮರ ತಿರುಗುತ್ತದೆ, ಉಳಿ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಇದು ತಿರುವುಮುರುವು. ಕಟರ್ ತಿರುಗುತ್ತದೆ, ಜಾಬ್ ಮೇಜಿನ ಮೇಲೆ ಬಿಗಿದು ಕೂತಿರುತ್ತದೆ, ಮೇಜೇ ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಸರಿದು ಲೋಹವನ್ನು ಕಟರಿನ ಬಾಯಿಗೆ ಒಡ್ಡುತ್ತದೆ. ಎಷ್ಟು ಸರಿಯಿತು ಎಂದು ತಿಳಿಯುವುದು ಹಿಡಿಯ ಬುಡದಲ್ಲಿರುವ ಗೀಟು ಹಾಕಿದ ಉಂಗುರದಿಂದ. ಆ ಉಂಗುರ ಒಂದು ಸುತ್ತಿನ ಒಳಗಿನ ಲೆಕ್ಕವನ್ನಷ್ಟೇ ಹೇಳುತ್ತದೆ. ಎಷ್ಟು ಸುತ್ತಾಯಿತು ಎಂಬುದನ್ನು ಮನುಷ್ಯನೇ ನೆನಪಿಟ್ಟುಕೊಳ್ಳಬೇಕು.

ಎಣಿಕೆಯ ಜೊತೆಗೆ ಇನ್ನೊಂದು ತೊಡಕಿದೆ, 'ಪ್ಲೇ'. ಮೇಜನ್ನು ಎಳೆಯುವ ತಿರುಪು ಮತ್ತು ಅದರ ನಟ್ಟು ವರ್ಷಗಟ್ಟಲೆ ಉಜ್ಜಿ ಉಜ್ಜಿ ಸವೆದಿರುತ್ತವೆ. ಬಲಕ್ಕೆ ತಿರುಗಿಸುತ್ತಿದ್ದ ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಮೊದಲು ಸ್ವಲ್ಪ ದೂರ ಹಿಡಿ ಮಾತ್ರ ತಿರುಗುತ್ತದೆ, ಮೇಜು ಅಲುಗುವುದಿಲ್ಲ. ನನ್ನ ಮಷೀನಿನಲ್ಲಿ ಈ ಖಾಲಿ ಓಟ 0.3 ಮಿ.ಮೀ. ಇತ್ತು. ಬೇರಿಂಗ್ ಕೂರಿಸುವ ತೂತಿನಲ್ಲಿ 0.02 ಮಿ.ಮೀ. ಹೆಚ್ಚುಕಡಿಮೆಯಾದರೆ ಬೇರಿಂಗ್ ಒಂದೋ ಸಡಿಲ, ಇಲ್ಲವೇ ಬಿಗಿ. ಹಾಗಿರುವಾಗ 0.3 ಎಂದರೆ ಕಂದಕವೇ ಸರಿ. ಅದಕ್ಕೇ ಹಳಬರು ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲುತ್ತಾರೆ. ದಾಟಿ ಹೋದರೆ ಪೂರ್ತಿ ಹಿಂದೆ ಸರಿದು ಮತ್ತೆ ಬರುತ್ತಾರೆ. ನನಗೆ ಕೆಲಸ ಕಲಿಸಿದವರು ಹೊಸಬರ ಕೈಗೆ ಮೊದಲು ಕಲಿಸುತ್ತಿದ್ದದ್ದೇ ಇದನ್ನು.

ಗುಜರಿಗೆ ಹೋದ ಆ ಪಟ್ಟಿಯ ನಂತರ ಡಿಜಿಟಲ್ ಸ್ಕೇಲ್ ಹಾಕಿಸಿದೆ. ವರ್ಕ್‌ಶಾಪಿನ ಮಾತಿನಲ್ಲಿ ಅದಕ್ಕೆ ಡಿಆರ್‌ಒ ಎನ್ನುತ್ತಾರೆ. ಮೇಜಿನ ಬೆನ್ನಿಗೊಂದು ಉದ್ದನೆಯ ಪಟ್ಟಿ, ಪಟ್ಟಿಯ ಮೇಲೆ ಓಡುವ ಬೆಂಕಿಪೊಟ್ಟಣದಷ್ಟು ದೊಡ್ಡ ಓದುಗಣ್ಣು, ಕಣ್ಣೆದುರಿಗೆ ಅಂಕಿ ತೋರಿಸುವ ಡಬ್ಬಿ. ಈ ಪಟ್ಟಿ ತಿರುಪನ್ನು ನಂಬುವುದಿಲ್ಲ, ಹಿಡಿಯನ್ನು ಕೇಳುವುದೂ ಇಲ್ಲ. ಮೇಜು ನಿಜವಾಗಿ ಎಷ್ಟು ಸರಿಯಿತೋ ಅಷ್ಟನ್ನೇ ನೋಡಿ ಹೇಳುತ್ತದೆ.

ಅದು ನೋಡುವ ಬಗೆ ಸೊಗಸಾದದ್ದು, ರೇಷ್ಮೆ ಸೀಮೆಯವರಿಗೆ ಬೇಗ ಅರ್ಥವಾಗುವಂಥದ್ದು. ಪಟ್ಟಿಯ ಅಲ್ಯೂಮಿನಿಯಂ ಕವಚದ ಒಳಗೆ ಒಂದು ಗಾಜಿನ ಕಡ್ಡಿ ಇರುತ್ತದೆ. ಅದರ ಮೇಲೆ ಒಂದರ ಪಕ್ಕ ಒಂದು ಗೀಟುಗಳು. ಸಾಮಾನ್ಯ ಗ್ಲಾಸ್ ಸ್ಕೇಲಿನಲ್ಲಿ ಒಂದು ಗೀಟಿನಿಂದ ಮುಂದಿನ ಗೀಟಿಗೆ 20 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿಗೆ ಐವತ್ತು ಗೀಟು. ಗೀಟಿನ ಅಗಲ 10 ಮೈಕ್ರಾನ್, ನಡುವಿನ ಖಾಲಿ ಜಾಗವೂ 10. ರೇಷ್ಮೆ ಹುಳು ತನ್ನ ಎರಡು ಗ್ರಂಥಿಗಳಿಂದ ಎರಡು ಎಳೆ ಹೊರಡಿಸಿ ಸೆರಿಸಿನ್ ಎಂಬ ಅಂಟಿನಿಂದ ಅವನ್ನು ಒಂದು ಮಾಡುತ್ತದೆ. ಆ ಎರಡರಲ್ಲಿ ಒಂದು ಎಳೆಯ ದಪ್ಪ 10 ಮೈಕ್ರಾನಿನ ಆಸುಪಾಸು. ಗೂಡಿನ ನೂಲನ್ನು ಸೀಳಿ, ಒಂದೊಂದೇ ಎಳೆಯನ್ನು ಎಳೆಯಷ್ಟೇ ಜಾಗ ಬಿಟ್ಟು ಗಾಜಿನ ಮೇಲೆ ಜೋಡಿಸಿದ್ದಾರೆ ಎಂದು ಊಹಿಸಿಕೊಂಡರೆ ಈ ಸ್ಕೇಲು ಕಣ್ಣಿಗೆ ಕಟ್ಟುತ್ತದೆ. ನಮ್ಮ ಬಡಗಿಗಳು, ಗಾರೆ ಕೆಲಸದವರು ಇಂಚಿನ ಎಂಟನೇ ಒಂದು ಭಾಗಕ್ಕೆ 'ನೂಲು' ಎನ್ನುವುದುಂಟು. ಆ ನೂಲು ಮೂರು ಮಿಲಿಮೀಟರಿಗೂ ದಪ್ಪ. ಇದು ಹುಳುವಿನ ನೂಲು.

ಓದುಗಣ್ಣಿನ ಒಳಗೆ ಒಂದು ಬದಿ ಪುಟ್ಟ ಎಲ್‌ಇಡಿ ದೀಪ, ಇನ್ನೊಂದು ಬದಿ ಬೆಳಕು ಹಿಡಿಯುವ ಸಂವೇದಕಗಳು, ನಡುವೆ ಅಂಥದ್ದೇ ಗೀಟುಗಳಿರುವ ಇನ್ನೊಂದು ಚಿಕ್ಕ ಗಾಜು. ಮೇಜು ಸರಿದಂತೆ ಗೀಟಿನ ಮೇಲೆ ಗೀಟು ಬಂದಾಗ ಬೆಳಕು ದಾಟುತ್ತದೆ, ಖಾಲಿ ಜಾಗಕ್ಕೆ ಗೀಟು ಅಡ್ಡ ಬಂದಾಗ ಕತ್ತಲಾಗುತ್ತದೆ. ಬೆಳಕು ಕತ್ತಲೆಗಳನ್ನು ಎಣಿಸಿದರೆ ದೂರ ಸಿಗುತ್ತದೆ. ಆದರೆ ಮೇಜು ಯಾವ ಕಡೆಗೆ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ? ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ಇಬ್ಬರು ನಾಲ್ಕು ಹೆಜ್ಜೆ ದೂರದಲ್ಲಿ ಕಣ್ಣು ಮುಚ್ಚಿ ನಿಂತಿದ್ದಾರೆ ಎನ್ನಿ. ಬೋಗಿಯ ಸದ್ದು ಮೊದಲು ಮೈಸೂರು ಕಡೆ ನಿಂತವನಿಗೆ ಹತ್ತಿರವಾದರೆ ಗಾಡಿ ಮೈಸೂರಿನಿಂದ ಬಂತು. ಬೆಂಗಳೂರು ಕಡೆ ನಿಂತವನಿಗೆ ಮೊದಲು ಕೇಳಿದರೆ ಅತ್ತಲಿಂದ ಬಂತು. ಹಾಗೆಯೇ ಸ್ಕೇಲಿನಲ್ಲಿ ಸಂವೇದಕಗಳನ್ನು ಗೀಟಿನಿಂದ ಗೀಟಿಗಿರುವ ದೂರದ ಕಾಲು ಭಾಗದಷ್ಟು ಆಚೀಚೆ ಕೂರಿಸಿರುತ್ತಾರೆ. ಯಾರು ಮೊದಲು ಕಂಡರು ಎನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಇಬ್ಬರ ಬೆಳಕು ಕತ್ತಲೆ ಸೇರಿಸಿದರೆ ಪ್ರತಿ 20 ಮೈಕ್ರಾನಿಗೆ ನಾಲ್ಕು ಬದಲಾವಣೆ. ಡಬ್ಬಿಯ ಮೇಲಿನ ಕೊನೆಯ ಅಂಕಿ ಸದಾ 0 ಅಥವಾ 5 ಆಗಿರುವುದು ಇದರಿಂದಲೇ: 20ನ್ನು ನಾಲ್ಕು ಪಾಲು ಮಾಡಿದರೆ 5 ಮೈಕ್ರಾನ್.

ಇಂಥ ಗೀಟು ಎಳೆಯುವುದು ಸುಲಭದ ಕಸುಬಲ್ಲ. ಈ ಕಸುಬಿನಲ್ಲಿ ಇವತ್ತಿಗೂ ದೊಡ್ಡ ಹೆಸರಾದ ಜರ್ಮನಿಯ ಹೈಡೆನ್‌ಹೈನ್ ಸಂಸ್ಥೆ 1889ರಲ್ಲಿ ಬರ್ಲಿನ್ನಿನಲ್ಲಿ ಲೋಹದ ಫಲಕಗಳನ್ನು ಆಮ್ಲದಿಂದ ಕೊರೆದು ಅಕ್ಷರ ಮೂಡಿಸುವ ಅಂಗಡಿಯಾಗಿ ಶುರುವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ನಿನ ನೆಲೆ ಕಳೆದುಕೊಂಡು, 1948ರಲ್ಲಿ ಬವೇರಿಯಾದ ಟ್ರೌನ್‌ರಾಯ್ಟ್‌ನಲ್ಲಿ ಹೊಸದಾಗಿ ನೆಲೆಯೂರಿ, 1950ರ ಹೊತ್ತಿಗೆ ಗಾಜಿನ ಮೇಲೆ ಕ್ರೋಮಿಯಂ ಗೀಟುಗಳನ್ನು ಕೂರಿಸುವ ವಿದ್ಯೆ ಸಾಧಿಸಿತು. ಅದೇ ದಶಕದಲ್ಲಿ ನಮ್ಮಲ್ಲಿ ಎಚ್‌ಎಂಟಿ ಹುಟ್ಟಿತು (1953), 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, ಮರುವರ್ಷ ಯಂತ್ರ ತಯಾರಿಕೆಯ ಸಂಶೋಧನೆಗೆಂದೇ ಈಗ ಸಿಎಂಟಿಐ ಎನ್ನುವ ಸಂಸ್ಥೆ. ಎಲ್ಲವೂ ಬೆಂಗಳೂರಿನಲ್ಲಿ. ಅಲ್ಲಿಂದ ಹೊರಟ ಎರಕದ ಮಿಲ್ಲಿಂಗ್ ಮಷೀನುಗಳು ಕೈಯಿಂದ ಕೈಗೆ ದಾಟಿ ಇವತ್ತು ಹಾರೋಹಳ್ಳಿ, ಬಿಡದಿಯ ಸಣ್ಣ ಶೆಡ್ಡುಗಳಲ್ಲಿ ಕೆಲಸ ಮಾಡುತ್ತಿವೆ. ಅಂಥ ಯಂತ್ರದ ಮೈ ಗಟ್ಟಿ, ತಿರುಪು ಸವಕಲು. ಡಿಜಿಟಲ್ ಸ್ಕೇಲಿನಿಂದ ಅತಿ ಹೆಚ್ಚು ಲಾಭವಾಗುವುದು ಇಂಥ ಮುದಿ ಯಂತ್ರಕ್ಕೆ ಎಂಬುದು ನನ್ನ ಅನುಭವ.

ಗಾಜಿನದ್ದೇ ಬೇಕೆಂದಿಲ್ಲ. ಡಿಜಿಟಲ್ ಕ್ಯಾಲಿಪರಿನ ಮಾದರಿಯ ಅಗ್ಗದ ಸ್ಕೇಲುಗಳಲ್ಲಿ ಬೆಳಕಿಲ್ಲ. ತಾಮ್ರದ ಪುಟ್ಟ ಫಲಕಗಳು ಒಂದರ ಎದುರು ಒಂದು ಸರಿಯುವಾಗ ಅವುಗಳ ನಡುವೆ ವಿದ್ಯುತ್ ಹಿಡಿದಿಡುವ ಶಕ್ತಿ ಏರಿಳಿಯುತ್ತದೆ, ಅದನ್ನೇ ಅಳೆಯುತ್ತವೆ. ನೀರಿನ ಒಂದು ಹನಿ ಆ ಸಂದಿಗೆ ಹೊಕ್ಕರೆ ಲೆಕ್ಕ ಹುಚ್ಚಾಪಟ್ಟೆ. ಕಟರಿಗೆ ಬಿಳಿ ಕೂಲೆಂಟ್ ಸುರಿಯುವವರು ಇದನ್ನು ಮೇಜಿಗೆ ಹಾಕಬಾರದು. ಕಟರ್ ಹಿಡಿದು ಮೇಲೆ ಕೆಳಗೆ ಓಡುವ ಸ್ಪಿಂಡಲ್ಲಿನ ಆಳ ನೋಡಲು ಸಾಕು. ಇದಕ್ಕೆ ಹಾಕುವ ಗುಂಡಿ ಸೆಲ್ಲಿನಲ್ಲೂ ಭೇದವಿದೆ: ಎಲ್‌ಆರ್44 ಸೆಲ್ಲಿನ ವೋಲ್ಟೇಜು ದಿನ ಕಳೆದಂತೆ ಇಳಿಯುತ್ತ ಹೋಗಿ ಅಂಕಿ ಮಿನುಗತೊಡಗುತ್ತದೆ, ಎಸ್‌ಆರ್44 ಬೆಳ್ಳಿಯ ಸೆಲ್ಲು, ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟ. ಮೂರನೆಯ ಜಾತಿ ಕಾಂತದ ಪಟ್ಟಿ. ಎಣ್ಣೆ ನೀರಿಗೆ ಅದು ಜಗ್ಗದು, ಆದರೆ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ. ಬೆಲೆಯ ಮಾತಾದರೆ ಅಗ್ಗದ್ದು ಸಾವಿರಗಳಲ್ಲಿ, ಎರಡು ಅಕ್ಷದ ಗಾಜಿನ ಜೋಡಿ ಹತ್ತಾರು ಸಾವಿರದಲ್ಲಿ. ಮನೆಯ ಶೆಡ್ಡಿನವರು ಮೊದಲು ಎಡ-ಬಲ, ಹಿಂದು-ಮುಂದಿಗೆ ಗಾಜು ಹಾಕಿಸಿ, ಆಳದ ಅಕ್ಷವನ್ನು ಆಮೇಲೆ ನೋಡಿಕೊಳ್ಳಲಿ ಎನ್ನುತ್ತೇನೆ.

ಇನ್ನು ಕೂರಿಸುವ ಕೆಲಸ. ನನಗೆ ಇದಕ್ಕೆ ಎರಡು ಭಾನುವಾರ ಹಿಡಿಯಿತು. ಸ್ಕೇಲನ್ನು ಮೇಜಿನ ಓಟಕ್ಕೆ ಸಮಾನಾಂತರವಾಗಿ ಹಿಡಿಯಬೇಕು. ಡಯಲ್ ಗೇಜಿನ ಮುಳ್ಳನ್ನು ಕವಚದ ಮೇಲೆ ಊರಿ, ಮೇಜನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಮುಳ್ಳು ಅಲುಗದ ಹಾಗೆ ಬಿಗಿದೆ. ಸ್ವಲ್ಪ ಓರೆಯಾದರೆ ಅಳತೆಯೇ ಕೆಡುತ್ತದೆ ಎಂದು ಹೆದರಬೇಕಿಲ್ಲ. ಪೂರ್ತಿ ಒಂದು ಡಿಗ್ರಿ ಓರೆಯಾದರೂ 100 ಮಿ.ಮೀ.ಗೆ ಬರುವ ತಪ್ಪು 0.015 ಮಿ.ಮೀ. ಮಾತ್ರ. ಓರೆಯ ನಿಜವಾದ ಅಪಾಯ ಬೇರೆ: ಓದುಗಣ್ಣಿನ ಪುಟ್ಟ ಚಕ್ರಗಳು ಗಾಜಿನ ಮೇಲೆ ಒತ್ತಿ ಉಜ್ಜಿ, ಒಂದು ದಿನ ಓಟವೇ ಸಿಕ್ಕಿಕೊಳ್ಳುತ್ತದೆ. ಸ್ಕೇಲಿನ ರಬ್ಬರ್ ತುಟಿಗಳು ಕೆಳಮುಖವಾಗಿರಬೇಕು, ಮೇಲಿನಿಂದ ಬೀಳುವ ಲೋಹದ ಸಿಪ್ಪೆ ಒಳಗೆ ಹೋಗಬಾರದು.

ಕೂರಿಸಿದ ಮೇಲೆ ಅದು ಹೇಳುವುದು ನಿಜವೇ ಎಂದು ಪರೀಕ್ಷಿಸಬೇಕು. ಅದಕ್ಕೆ ಬೇಕಾದ ನಿಖರ ಅಳತೆಯ ತುಂಡು, ಸ್ಲಿಪ್ ಗೇಜು, ಮನೆಯ ಶೆಡ್ಡಿನಲ್ಲಿ ಎಲ್ಲಿಂದ ಬರಬೇಕು? ಅದಕ್ಕೆ ಒಂದು ಉಪಾಯ ಉಂಟು. ಮೋಟರು, ಪಂಪು, ಬೈಕು ಎಲ್ಲ ಕಡೆ ಸಿಗುವ 6203 ನಂಬರಿನ ಹೊಸ ಬೇರಿಂಗ್ ಒಂದನ್ನು ತನ್ನಿ. ಅದರ ಹೊರ ವ್ಯಾಸ 40 ಮಿ.ಮೀ.; ಕಾರ್ಖಾನೆ ಅದರಲ್ಲಿ ಬಿಟ್ಟುಕೊಳ್ಳುವ ಸಲಿಗೆ ಹೆಚ್ಚೆಂದರೆ 11 ಮೈಕ್ರಾನ್ ಕಡಿಮೆ, ಒಂದು ಮೈಕ್ರಾನೂ ಹೆಚ್ಚಿಲ್ಲ. ಅಂಗಡಿಯಲ್ಲಿ ಸಿಗುವ ಅಷ್ಟು ಅಗ್ಗದ, ಅಷ್ಟು ನಿಖರವಾದ 40 ಮಿಲಿಮೀಟರ್ ಇನ್ನೊಂದಿಲ್ಲ. ಬೇರಿಂಗನ್ನು ಮೇಜಿನ ಮೇಲೆ ಬಿಗಿದು, ಸ್ಪಿಂಡಲ್ಲಿಗೆ ಅಂಚು ಹುಡುಕುವ ಕಡ್ಡಿಯಾದ ಎಡ್ಜ್ ಫೈಂಡರ್ ಸಿಕ್ಕಿಸಿ, ಉಂಗುರದ ನಡುಗೆರೆಯ ಮೇಲೆ ಈ ಬದಿಗೊಮ್ಮೆ ಆ ಬದಿಗೊಮ್ಮೆ ಮುಟ್ಟಿಸಿ. ಎಡ್ಜ್ ಫೈಂಡರಿನ ತುದಿ 10 ಮಿ.ಮೀ. ದಪ್ಪವಿದ್ದರೆ ಎರಡು ಮುಟ್ಟುಗಳ ನಡುವೆ ಡಬ್ಬಿ 50 ತೋರಿಸಬೇಕು. ನನ್ನದು ಮೊದಲ ಸಲ 49.990 ತೋರಿಸಿತು, ಎರಡನೆಯ ಸಲ 49.995. ಸಾಕು ಎಂದು ಬಿಟ್ಟೆ.

ಆ ಎಡ್ಜ್ ಫೈಂಡರಿನಿಂದಲೇ ನನ್ನ ಮುಂದಿನ ತಪ್ಪೂ ಆಯಿತು. ಹೊಸ ಪಟ್ಟಿ ಬಿಗಿದು, ಎಡ ಅಂಚಿಗೆ ಎಡ್ಜ್ ಫೈಂಡರ್ ಮುಟ್ಟಿಸಿ, ತುದಿ ಪಕ್ಕಕ್ಕೆ ಜಿಗಿದ ಕ್ಷಣದಲ್ಲಿ ಸೊನ್ನೆ ಒತ್ತಿದೆ. ಅಂಚಿನಿಂದ 20 ಮಿ.ಮೀ.ಗೆ ಮೊದಲ ತೂತು, ಆಮೇಲೆ 40, 40, 40. ಸುತ್ತು ಎಣಿಸುವ ಗೋಜಿಲ್ಲ, ಯಾರು ಕೂಗಿದರೂ ಚಿಂತೆಯಿಲ್ಲ. ಹತ್ತೂ ತೂತಿನ ಅಂತರ ಅಳೆದೆ, ಒಂದರಂತೆ ಒಂದು. ಆದರೆ ರೀಲರ್ ತೆಗೆದುಕೊಂಡು ಹೋಗಿ ಯಂತ್ರಕ್ಕೆ ಕೂರಿಸಿದಾಗ ಇಡೀ ಸಾಲು ಎಡಕ್ಕೆ ಸರಿದಿತ್ತು. ಕನಕಪುರದ ಜಿಟಿಟಿಸಿಯಲ್ಲಿ ಟೂಲ್ ಮೇಕಿಂಗ್ ಕಲಿತ ಪರಿಚಯದ ಹುಡುಗನೊಬ್ಬ ಆ ಸಂಜೆ ಬಂದಿದ್ದ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ಟೂಲ್ ರೂಮ್ ತರಬೇತಿ ಕೇಂದ್ರ ಈಗ ರಾಜ್ಯದ ಹಲವು ಊರುಗಳಲ್ಲಿ ಶಾಖೆ ತೆರೆದು, ಹಳ್ಳಿಯ ಮಕ್ಕಳ ಕೈಗೆ ಮೈಕ್ರೋಮೀಟರ್ ಕೊಟ್ಟಿದೆ. ಹುಡುಗ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಲಿಲ್ಲ, ಅಳೆಯಲೂ ಇಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದ: 'ಸೊನ್ನೆ ಎಲ್ಲಿಟ್ಟಿದ್ದೀರ ಸಾರ್?'

ಅಂಚನ್ನು ಮುಟ್ಟಿದ್ದು ಎಡ್ಜ್ ಫೈಂಡರಿನ ಮೈ. ತೂತು ಬೀಳುವುದು ಸ್ಪಿಂಡಲ್ಲಿನ ನಡುಮಧ್ಯದಿಂದ. ಎರಡಕ್ಕೂ ನಡುವೆ ತುದಿಯ ಅರ್ಧ ದಪ್ಪ, 5 ಮಿ.ಮೀ. ನಾನು ಸೊನ್ನೆ ಒತ್ತುವ ಬದಲು ಮೈನಸ್ 5 ಒತ್ತಬೇಕಿತ್ತು. ಹಿಂದಿನ ಸಲ ಸುತ್ತು ತಪ್ಪಿ ಕಳೆದದ್ದೂ 5 ಮಿ.ಮೀ., ಈ ಸಲ ಕಳೆದದ್ದೂ 5 ಮಿ.ಮೀ. ಅಂದಿನಿಂದ ಆ ಪ್ರಶ್ನೆಯನ್ನು ಡಬ್ಬಿಯ ಪಕ್ಕ ಚೀಟಿ ಬರೆದು ಅಂಟಿಸಿದ್ದೇನೆ. ಸ್ಕೇಲು ಎಣಿಕೆಯ ಹೊಣೆ ಪೂರ್ತಿ ಹೊರುತ್ತದೆ. ಎಲ್ಲಿಂದ ಎಣಿಸಬೇಕು ಎಂಬ ಹೊಣೆಯನ್ನು ಅದರ ಹೆಗಲಿಗೆ ದಾಟಿಸಲು ಆಗುವುದಿಲ್ಲ. ನಿಖರತೆಯ ಮಾತು ಬಂದಾಗಲೆಲ್ಲ ಜನ ಕೊನೆಯ ದಶಾಂಶವನ್ನು ನೋಡುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಸೊನ್ನೆಯಲ್ಲಿ.

ಸೊನ್ನೆ ಸರಿಯಿದ್ದಾಗ ಈ ಡಬ್ಬಿ ಮಾಡಿಕೊಡುವ ಕೆಲಸ ನೋಡಿದರೆ ಮನಸ್ಸು ತುಂಬುತ್ತದೆ. ಒಂದು ತುಂಡಿನ ನಡುಮಧ್ಯ ಬೇಕೆ? ಈ ಅಂಚು ಮುಟ್ಟಿಸಿ ಸೊನ್ನೆ, ಆ ಅಂಚು ಮುಟ್ಟಿಸಿ 'ಅರ್ಧ' ಗುಂಡಿ. ಸೊನ್ನೆ ತೋರುವವರೆಗೆ ಮೇಜು ಸರಿಸಿದರೆ ಅದೇ ನಡು; ಎಡ್ಜ್ ಫೈಂಡರಿನ ದಪ್ಪ ಎರಡೂ ಕಡೆ ಸಮವಾಗಿ ಕಳೆದು ಹೋಗಿರುತ್ತದೆ. 50 ಮಿ.ಮೀ. ವ್ಯಾಸದ ವೃತ್ತದ ಮೇಲೆ ಆರು ಬೋಲ್ಟಿನ ತೂತು ಬೇಕೆ? ಹಿಂದೆ ಸೈನ್ ಕೋಷ್ಟಕ ಹಿಡಿದು, 25ನ್ನು ಗುಣಿಸಿ, 12.5 ಮತ್ತು 21.65 ಎಂದು ಕಾಗದದ ಮೇಲೆ ಬರೆದುಕೊಂಡು, ಚಿಹ್ನೆ ತಪ್ಪಿ ಪರದಾಡುತ್ತಿದ್ದೆವು. ಈಗ ವ್ಯಾಸ ಮತ್ತು ತೂತಿನ ಸಂಖ್ಯೆ ಕೊಟ್ಟರೆ ಡಬ್ಬಿ ಒಂದೊಂದೇ ಜಾಗಕ್ಕೆ ಕೈಹಿಡಿದು ಕರೆದೊಯ್ಯುತ್ತದೆ. ಎರಡು ಅಂಕಿಯೂ ಸೊನ್ನೆಯಾಗುವವರೆಗೆ ಹಿಡಿ ತಿರುಗಿಸಿದರೆ ಆಯಿತು.

ಆದರೂ ಅದು ನೋಡುವುದು ಮೇಜನ್ನು, ಕಟರನ್ನಲ್ಲ. ಸ್ಕೇಲು ಮೇಜಿನ ಬೆನ್ನಿನಲ್ಲಿದೆ, ಕಟರ್ ಅಲ್ಲಿಂದ ಒಂದು ಗೇಣು ಮುಂದೆ. ಮೇಜಿನ ಜಾರುದಾರಿಯ ಸಂದಿಯನ್ನು ಬಿಗಿಹಿಡಿಯುವ ಜಿಬ್ ಎಂಬ ಪಟ್ಟಿ ಸಡಿಲವಾಗಿ, 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ.ನಷ್ಟು ಸೊಟ್ಟಗೆ ತಿರುಗಿತು ಎಂದುಕೊಳ್ಳಿ. ಸ್ಕೇಲಿನಿಂದ 150 ಮಿ.ಮೀ. ದೂರದ ಕಟರಿನ ಕೆಳಗೆ ಅದು 0.025 ಮಿ.ಮೀ. ತಪ್ಪಾಗುತ್ತದೆ, ಡಬ್ಬಿಯ ಮೇಲೆ ಮಾತ್ರ ಅಂಕಿ ನಿಷ್ಕಳಂಕ. ಅಳೆಯುವ ಗೆರೆ ಮತ್ತು ಅಳತೆಗೊಳಗಾಗುವ ಗೆರೆ ಒಂದೇ ಸಾಲಿನಲ್ಲಿರಬೇಕು ಎಂದು ಜರ್ಮನಿಯ ಎರ್ನ್ಸ್ಟ್ ಅಬ್ಬೆ 1890ರಲ್ಲೇ ಹೇಳಿಟ್ಟಿದ್ದಾರೆ. ಮಿಲ್ಲಿಂಗ್ ಮಷೀನಿನಲ್ಲಿ ಅದು ಸಾಧ್ಯವಿಲ್ಲದ್ದರಿಂದ ಜಿಬ್ ಬಿಗಿ ಮಾಡುವುದು, ಕೊರೆಯುವ ಮುನ್ನ ಮೇಜಿಗೆ ಬೀಗ ಹಾಕುವುದು ನಮ್ಮ ಕೆಲಸ. ತಿರುಪಿನ ಪ್ಲೇಯೂ ಹಾಗೆಯೇ. ಡಿಆರ್‌ಒ ಹಾಕಿದರೆ ಪ್ಲೇ ಹೋಯಿತು ಎಂದು ಕೆಲವರು ನಂಬುತ್ತಾರೆ. ಪ್ಲೇ ಎಲ್ಲೂ ಹೋಗಿರುವುದಿಲ್ಲ, ಅಳತೆಯ ಲೆಕ್ಕದಿಂದ ಮಾತ್ರ ಹೊರಗಾಗಿರುತ್ತದೆ. ಕಟರ್ ತಿರುಗುವ ದಿಕ್ಕಿಗೇ ಜಾಬನ್ನು ಒಡ್ಡಿದರೆ ಅದು ಆ 0.3 ಮಿ.ಮೀ. ಸಡಿಲವನ್ನು ಒಮ್ಮೆಗೇ ಕಿತ್ತುಕೊಂಡು ಮೇಜನ್ನು ತನ್ನತ್ತ ಎಳೆಯುತ್ತದೆ. ಕಟರಿನ ಹಲ್ಲು ಮುರಿಯುತ್ತದೆ, ಕೆಲವೊಮ್ಮೆ ಕಣ್ಣಿಗೂ ಸಿಡಿಯುತ್ತದೆ. ಕನ್ನಡಕ ಹಾಕದೆ ಯಾರೂ ಆ ಯಂತ್ರದ ಮುಂದೆ ನಿಲ್ಲಬಾರದು.

ಬಿಸಿಲಿನ ವಿಷಯವೂ ಇದೆ. ಜಗತ್ತಿನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಒಪ್ಪಂದವಾದಂಥವು. ರಾಮನಗರದ ಬಂಡೆಗಳು ಏಪ್ರಿಲ್ ಮಧ್ಯಾಹ್ನ ಕಾದು ಕೂತಾಗ ನನ್ನ ಶೀಟಿನ ಕೊಠಡಿ ಸುಲಭವಾಗಿ 35 ದಾಟುತ್ತದೆ. ಆ ಹದಿನೈದು ಡಿಗ್ರಿಗೆ 360 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ 0.12 ಮಿ.ಮೀ. ಬೆಳೆಯುತ್ತದೆ, ಗಾಜು 0.04ರಷ್ಟು. ಆ ಹೊತ್ತಿನಲ್ಲಿ ಕೊರೆದ ತೂತುಗಳನ್ನು ತಂಪಿನಲ್ಲಿ ಅಳೆದರೆ ಮೊದಲಿನಿಂದ ಕೊನೆಗೆ 0.08 ಮಿ.ಮೀ. ಕಡಿಮೆ ಬರುತ್ತದೆ. ಡಬ್ಬಿ 5 ಮೈಕ್ರಾನ್ ತೋರಿಸುತ್ತಿರುವಾಗ ಬಿಸಿಲು 80 ಮೈಕ್ರಾನ್ ಕದ್ದಿರುತ್ತದೆ. ರೀಲರ್ ಪಟ್ಟಿಗೆ ಇದು ಲೆಕ್ಕಕ್ಕೇ ಇಲ್ಲ. ಉಕ್ಕಿನ ಸಣ್ಣ ಜಾಬಿಗೂ ಇಲ್ಲ. ಉದ್ದನೆಯ ಅಲ್ಯೂಮಿನಿಯಂ ಕೆಲಸವಾದರೆ ನಾನು ಬೆಳಗ್ಗೆ ಏಳಕ್ಕೇ ಶುರು ಮಾಡುತ್ತೇನೆ. ಈ ಎಚ್ಚರ ಈ ನೆಲಕ್ಕೆ ಹೊಸದೇನಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ಸರ್ವೇಕ್ಷಣೆಗೆ ನಾಂದಿಯಾದ ಆಧಾರರೇಖೆಯನ್ನು ಬೆಂಗಳೂರಿನ ಬಳಿ, ಸುಮಾರು ಏಳೂವರೆ ಮೈಲಿ ಉದ್ದಕ್ಕೆ ಅಳೆದಾಗ ಅವರ ಬಳಿ ಇದ್ದದ್ದು ಎರಡೂವರೆ ಅಡಿಯ ನಲವತ್ತು ಕೊಂಡಿಗಳ ನೂರು ಅಡಿ ಉಕ್ಕಿನ ಸರಪಳಿ. ಜೊತೆಗೆ ಥರ್ಮಾಮೀಟರು. ಸರಪಳಿಯ ಬಿಸಿ ನೋಡಿ ಉದ್ದವನ್ನು ತಿದ್ದುತ್ತಿದ್ದರು.

ಬಂಡೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ರಾಮನಗರದ ಬೆಟ್ಟಗಳೂ ಮಾಗಡಿಯ ಸಾವನದುರ್ಗವೂ ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನವು. ರಾಮನಗರದ ಹಳೆಯ ಹೆಸರೇ ಭೂವಿಜ್ಞಾನದಲ್ಲಿ ಆ ಕಲ್ಲಿಗೆ ಉಳಿದುಕೊಂಡಿದೆ. ಟೂಲ್ ರೂಮಿನಲ್ಲಿ ಜಾಬು ಸಮತಟ್ಟಾಗಿದೆಯೇ ಎಂದು ನೋಡುವ ಸರ್ಫೇಸ್ ಪ್ಲೇಟು ಇವತ್ತು ಎರಕದ ಕಬ್ಬಿಣಕ್ಕಿಂತ ಕಲ್ಲಿನದೇ ಹೆಚ್ಚು. ಆದರೆ ಅದಕ್ಕೆ ನಮ್ಮ ನಸುಗೆಂಪು ಕಲ್ಲನ್ನಲ್ಲ, ಕಣ ಸಣ್ಣದಾದ ಕಪ್ಪು ಕಲ್ಲನ್ನು ಆರಿಸುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಏಟು ಬಿದ್ದರೆ ಉಬ್ಬುವುದಿಲ್ಲ, ಚೂರು ಹಾರುತ್ತದೆ ಅಷ್ಟೆ. ನನ್ನ ಶೆಡ್ಡಿನಲ್ಲೂ ಅಂಥದೊಂದು ಹಲಗೆಯಿದೆ. ಸ್ಕೇಲು ಏನೇ ಹೇಳಲಿ, ಜಾಬು ಕೊನೆಗೆ ಆ ಕಲ್ಲಿನ ಮೇಲೆ ಕೂತು ಡಯಲ್ ಗೇಜಿಗೆ ಮೈಯೊಡ್ಡಬೇಕು.

ಚನ್ನಪಟ್ಟಣದಲ್ಲಿ ಅಳತೆಯ ಬಗೆಯೇ ಬೇರೆ. ಅಲ್ಲಿ ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಕುಶಲಕರ್ಮಿ ಉಳಿ ಹಿಡಿದು ಆಕಾರ ತೆಗೆಯುತ್ತಾರೆ, ಪಕ್ಕದಲ್ಲಿಟ್ಟ ಮಾದರಿಯನ್ನು ಕಣ್ಣಲ್ಲೇ ಅಳೆಯುತ್ತಾರೆ, ಬೇಕಾದಲ್ಲಿ ಮಾತ್ರ ಕ್ಯಾಲಿಪರ್ ಮುಟ್ಟಿಸುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಒಣಗಿದ ಗರಿಯಿಂದ ತೀಡಿದರೆ ಹೊಳಪು. ಭೌಗೋಳಿಕ ಗುರುತು ಪಡೆದ ಆ ಕಸುಬಿನಲ್ಲಿ 5 ಮೈಕ್ರಾನಿಗೆ ಅರ್ಥವಿಲ್ಲ. ಮಳೆಗಾಲದ ತೇವಕ್ಕೆ ಮರ ಅದಕ್ಕಿಂತ ಎಷ್ಟೋ ಪಾಲು ಹಿಗ್ಗುತ್ತದೆ. ಆದರೂ ಆಟಿಕೆ ಮಾಡುವ ಪರಿಚಯದವರೊಬ್ಬರು ನನ್ನ ಮಷೀನು ಹುಡುಕಿಕೊಂಡು ಬಂದರು. ಮರದ ಗಾಡಿಯ ಎರಡು ಅಚ್ಚಿನ ತೂತುಗಳು ಸಮಾನಾಂತರವಾಗಿರದೆ, ಉರುಳಿಸಿದರೆ ಗಾಡಿ ಒಂದು ಕಡೆಗೆ ಎಳೆಯುತ್ತಿತ್ತು. ನೂರು ಗಾಡಿಗೆ ನೂರು ಸಲ ಅಳೆಯುವುದು ಆಗದ ಮಾತು. ಉಕ್ಕಿನ ತುಂಡೊಂದರಲ್ಲಿ ಡಿಆರ್‌ಒ ನೋಡಿಕೊಂಡು ಎರಡು ತೂತು ಕೊರೆದು, ಪಕ್ಕಕ್ಕೆ ಒಂದು ತಡೆ ಕೂರಿಸಿ, ಜಿಗ್ ಮಾಡಿಕೊಟ್ಟೆ. ಗಾಡಿಯ ಮೈಯನ್ನು ತಡೆಗೆ ಒತ್ತಿ, ತೂತಿನೊಳಗೆ ಡ್ರಿಲ್ ಇಳಿಸಿದರೆ ಸಾಕು. ಕೊಡುವ ಮುನ್ನ ನನಗೆ ನಾನೇ ಕೇಳಿಕೊಂಡೆ, ಸೊನ್ನೆ ಎಲ್ಲಿಟ್ಟೆ ಎಂದು. ತಡೆಯ ಅಂಚಿನಲ್ಲಿ. ಅವರು ಜಿಗ್ಗನ್ನು ತಿರುಗಿಸಿ ನೋಡಿ, ಕೇಳಿದ ಮೊದಲ ಪ್ರಶ್ನೆಯೂ ಅದೇ ಜಾಗದ ಬಗ್ಗೆ: 'ಮರ ಇಲ್ಲಿಗೆ ಒತ್ತಿ ಕೂರಬೇಕು ತಾನೆ?' ಡಿಜಿಟಲ್ ಅಂಕಿಯನ್ನು ಅವರು ಎಂದೂ ನೋಡಿದವರಲ್ಲ.

ರೀಲರ್‌ಗೆ ಮೂರನೆಯ ಪಟ್ಟಿ ಮಾಡಿದ್ದು ಮರುವಾರ. ಅಂಚು ಮುಟ್ಟಿಸಿ ಮೈನಸ್ 5 ಹಾಕಿದೆ. 20ಕ್ಕೆ ಮೊದಲ ತೂತು, ಅಲ್ಲಿಂದ 40ರಂತೆ 180ಕ್ಕೆ ಐದನೆಯದು. ಐದನೆಯ ತೂತಿನಿಂದ ಡ್ರಿಲ್ ಮೇಲೆತ್ತಿ ಹಿಡಿ ತಿರುಗಿಸುತ್ತಿರುವಾಗ ಕರೆಂಟು ಹೋಯಿತು. ಮೋಟರಿನ ಸದ್ದು ಇಳಿದು ನಿಂತಿತು, ಅಂಕಿಗಳು ಆರಿದವು. ಕತ್ತಲಲ್ಲಿ ಮೇಜು ಎಷ್ಟು ಸರಿದರೂ ಗ್ಲಾಸ್ ಸ್ಕೇಲಿಗೆ ಗೊತ್ತಾಗುವುದಿಲ್ಲ. ಅದು ಎಣಿಸುವುದು ದೀಪ ಉರಿಯುತ್ತಿರುವಾಗ ದಾಟಿದ ಗೀಟುಗಳನ್ನು ಮಾತ್ರ. ಅದಕ್ಕೆಂದೇ ಗಾಜಿನ ಮೇಲೆ ಗೀಟುಗಳ ಪಕ್ಕದಲ್ಲಿ ಬೇರೆಯಾಗಿ ಒಂದು ಗುರುತು ಹಾಕಿರುತ್ತಾರೆ. ದಿನದ ಕೆಲಸ ಶುರು ಮಾಡುವ ಮುನ್ನ ಮೇಜನ್ನು ಒಮ್ಮೆ ಅದರ ಮೇಲೆ ಹಾಯಿಸಿದರೆ, ನಾವಿಟ್ಟ ಸೊನ್ನೆ ಆ ಗುರುತಿನಿಂದ ಎಷ್ಟು ದೂರ ಎಂಬುದನ್ನು ಡಬ್ಬಿ ನೆನಪಿಟ್ಟುಕೊಳ್ಳುತ್ತದೆ. ಬೆಳಗ್ಗೆ ಹಾಯಿಸಿದ್ದೆ.

ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂತು. ಡಬ್ಬಿ ಎರಡೂ ಸಾಲಿನಲ್ಲಿ 0.000 ತೋರಿಸಿತು. ಆ ಸೊನ್ನೆಯನ್ನು ನಂಬಿ ಮುಂದುವರಿದಿದ್ದರೆ ಈ ಪಟ್ಟಿಯೂ ಗುಜರಿಗೇ. ಮೇಜನ್ನು ಎಡಕ್ಕೆ ಓಡಿಸುತ್ತ ಹೋದೆ. ಗುರುತು ದಾಟಿದ ಕ್ಷಣ ಅಂಕಿಗಳು ಜಿಗಿದು ತಮ್ಮ ಹಳೆಯ ಲೆಕ್ಕಕ್ಕೆ ಬಂದು ಕೂತವು. 180ಕ್ಕೆ ಹಿಂತಿರುಗಿ, ತಿರುಗದೆ ನಿಂತ ಡ್ರಿಲ್ಲನ್ನೇ ಐದನೆಯ ತೂತಿನೊಳಗೆ ಮೆಲ್ಲಗೆ ಇಳಿಸಿ ನೋಡಿದೆ. ಎಲ್ಲೂ ಉಜ್ಜದೆ ಇಳಿಯಿತು. ಆಮೇಲೆ 220, 260, 300, 340, 380.

ಆ ಸಂಜೆ ರೀಲರ್ ಘಟಕಕ್ಕೆ ನಾನೇ ಪಟ್ಟಿ ತೆಗೆದುಕೊಂಡು ಹೋದೆ. ಬೆಂದ ಗೂಡಿನ ವಾಸನೆ, ಬಿಸಿನೀರಿನ ಆವಿ. ಎರಡು ಬೋಲ್ಟು ಬಿಗಿದು, ಹತ್ತು ಕೊಂಡಿ ಸಿಕ್ಕಿಸಿದೆವು. ಬಾಣಲೆಯ ಮುಂದೆ ಕೂತಿದ್ದ ಹೆಣ್ಣುಮಗಳು ನೀರಿನಲ್ಲಿ ತೇಲುವ ಗೂಡುಗಳಿಂದ ತುದಿ ಹುಡುಕಿ, ಒಂದೊಂದೇ ಕೊಂಡಿಗೆ ಎಳೆ ಏರಿಸಿದರು. ರಾಟೆ ತಿರುಗಿತು. ಪಟ್ಟಿಯ ಕಡೆ ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಎಳೆಯ ಮೇಲೆ. ಹತ್ತೂ ಎಳೆಗಳು ಒಂದಕ್ಕೊಂದು ತಾಕದೆ, ದೀಪದ ಬೆಳಕಿನಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತ, ನೇರಕ್ಕೆ ಮೇಲೆ ಓಡುತ್ತಿದ್ದವು.